ಬ್ರಾಕೆಟ್ಟಿನೊಳಗೆ ಮುಳುಗಿದ ಎರಡು ಜಿಬಿ

ಮಾನ್ಯ ಆಪರೇಟಿಂಗ್ ಸಿಸ್ಟಮ್ ಮಹಾಶಯರ ಸನ್ನಿಧಾನಕ್ಕೆ,

ಬೈಂದೂರಿನ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಬದುಕುತ್ತಿರುವ ಪ್ರೇಮಾನಂದನು ತಲೆಬಾಗಿ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಹಿರಿಯರು ಹಾಕಿಕೊಟ್ಟ ಪದ್ಧತಿಯಾದರೂ ಸುಳ್ಳು ಬರೆಯಲು ಕೈ ಏಳುತ್ತಿಲ್ಲ. ತಮ್ಮ ಕ್ಷೇಮವನ್ನಂತೂ ನಾನು ವಿಚಾರಿಸಬೇಕಾಗಿಯೇ ಇಲ್ಲ. ಗಿರಾಕಿ ಅವಸರದಲ್ಲಿ ನಿಂತಿರುವ ಹೊತ್ತನ್ನೇ ಆರಿಸಿಕೊಂಡು, ಸ್ನಾನಕ್ಕೆ ಹೋದ ಯಜಮಾನರಂತೆ ಬಾಗಿಲು ಹಾಕಿಕೊಂಡು, 'ದಯವಿಟ್ಟು ಆಫ್ ಮಾಡಬೇಡಿ' ಎಂದು ಒಳಗಿನಿಂದಲೇ ಅಪ್ಪಣೆ ಕೊಡಿಸುವ ತಮ್ಮ ಆರೋಗ್ಯಕ್ಕೆ ಏನೂ ಧಕ್ಕೆಯಾಗಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ವಿಷಯಕ್ಕೆ ಬರುತ್ತೇನೆ. ತಾವು ಬರೆದ ಒಂದೇ ಒಂದು ಸಾಲಿನಿಂದ, ಅದರಲ್ಲೂ ಆ ಸಾಲಿನ ಕೊನೆಗೆ ತಾವು ಹಾಕಿದ ಒಂದು ಬ್ರಾಕೆಟ್ಟಿನಿಂದ, ನನ್ನ ಮದುವೆ ನಿಂತಿತು ಮತ್ತು ನಾನು ಕಳ್ಳನಾದೆ. ಎರಡರಲ್ಲಿ ಯಾವುದು ಹೆಚ್ಚು ನೋವು ಎಂದು ತಾವು ಕೇಳಬಹುದು. ತಾವು ಲೆಕ್ಕದ ಜನ, ಕೇಳಿಯೇ ಕೇಳುತ್ತೀರಿ. ಎರಡೂ ಒಂದೇ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳುಗಳು, ಮಹಾಶಯರೇ. ಯಾವುದು ಯಾವ ಮೀನಿನದು ಎಂದು ಬಿಡಿಸಿ ಹೇಳುವ ಸ್ಥಿತಿಯಲ್ಲಿ ನಾನಿಲ್ಲ.

ಉಪ್ಪುಂದದ ಕಡೆಯ ಸುಧಾಕರಣ್ಣನವರ ಪರಿಚಯ ತಮಗೆ ಇರಲಾರದು. ಸ್ವಂತ ನಾಡದೋಣಿ, ಸ್ವಂತ ಬಲೆ, ಸ್ವಂತ ಅಭಿಪ್ರಾಯ ಇರುವ ಮನುಷ್ಯ. ಅವರ ಮಗಳು ವಿನಯಾ ಮನೆಯಲ್ಲೇ ಕೂತು ಮದುವೆ ಕಾಗದ, ಫ್ಲೆಕ್ಸ್, ಗೃಹಪ್ರವೇಶದ ಕರೆಯೋಲೆಗಳ ಡಿಸೈನ್ ಮಾಡುತ್ತಾಳೆ. ಬೈಂದೂರಿನಿಂದ ಮರವಂತೆಯವರೆಗೆ ಹೆದ್ದಾರಿಯ ಬದಿಯಲ್ಲಿ ಕೈಮುಗಿದು ನಿಂತಿರುವ ಮುಖಂಡರಲ್ಲಿ ಅರ್ಧ ಜನರ ಮೊಡವೆಗಳನ್ನು ಅಳಿಸಿದವಳು ಅವಳೇ. ಅವಳಿಗೂ ನನಗೂ ಮದುವೆಯ ಮಾತು ನಡೆದು, ಎರಡೂ ಕಡೆಯವರು ಚಾ ಕುಡಿದು, ಇನ್ನೇನು ನಿಶ್ಚಯಕ್ಕೆ ದಿನ ನೋಡುವುದು ಎಂಬಲ್ಲಿಗೆ ಬಂದಿತ್ತು. ಆಗ ಅವಳ ಲ್ಯಾಪ್‌ಟಾಪು ನಿಧಾನವಾಯಿತು. ಭಾವೀ ಅಳಿಯ ಕಂಪ್ಯೂಟರ್ ರಿಪೇರಿಯವನಾಗಿರುವಾಗ ಮಗಳ ಲ್ಯಾಪ್‌ಟಾಪು ನಿಧಾನವಾಗುವುದು ಮಾವನಿಗೆ ಅವಮಾನವೆಂದು ಭಾವಿಸಿ ಅವರೇ ಅದನ್ನು ಅಂಗಡಿಗೆ ತಂದುಕೊಟ್ಟರು. ನಾನು ಹಳೆಯ ರ್‍ಯಾಮ್ ತೆಗೆದು ಹೊಸದಾಗಿ ಎಂಟು ಜಿಬಿಯದ್ದನ್ನು ಹಾಕಿ, ಕೀಬೋರ್ಡಿನ ಸಂದಿಯಲ್ಲಿದ್ದ ಚಕ್ಕುಲಿಯ ಚೂರುಗಳನ್ನೂ ಊದಿ, ಒರೆಸಿ, ಗಂಧ ಒಂದನ್ನು ಹಚ್ಚದೆ ಬಿಟ್ಟು ವಾಪಸು ಕೊಟ್ಟೆ.

ಸುಧಾಕರಣ್ಣನವರದ್ದು ತೂಗಿ ನೋಡುವ ಜಾತಕ. ಐಸ್ ತಂದರೆ ಇಳಿಸುವ ಮೊದಲು ತೂಕ, ಡೀಸೆಲ್ ತಂದರೆ ಕ್ಯಾನಿಗೆ ಕೋಲು ಇಳಿಸಿ ಅಳತೆ, ಹಗ್ಗ ತಂದರೆ ಮಾರು ಹಾಕಿ ನೋಡುವುದು. ಮನೆಗೆ ಹೋದವರೇ ಮಗಳನ್ನು ಕರೆದು, "ಎಂಟ್ ಹಾಕಿದ್ದೆ ಅಂದ ಅಲ್ದಾ? ಅದ್ಕ್ ಗುರ್ತ ಎಲ್ಲಿತ್ತ್? ಕಾಣ್ಸ್ ಕಾಂಬ" ಎಂದರು. ಅವಳು ಪಾಪ, ತಮ್ಮ ಸೆಟ್ಟಿಂಗ್ಸ್ ಎಂಬ ಉಗ್ರಾಣದ ಬಾಗಿಲು ತೆಗೆದು ತೋರಿಸಿದಳು. ಅಲ್ಲಿ ತಾವು ಬರೆದಿದ್ದಿರಿ: ಅಳವಡಿಸಿದ ರ್‍ಯಾಮ್ 8.00 ಜಿಬಿ (ಬಳಸಬಹುದಾದದ್ದು 5.92 ಜಿಬಿ).

ಮಹಾಶಯರೇ, ಸತ್ಯಸಂಧರೇ, ತಮಗೆ ಆ ಬ್ರಾಕೆಟ್ಟನ್ನು ಹಾಕು ಎಂದು ಯಾರು ಹೇಳಿದ್ದರು? ಎಂಟು ಎಂದು ಬರೆದು ಸುಮ್ಮನೆ ಕೂತಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಹಾಕಿದ್ದು ಎಂಟು ಎಂದು ಒಪ್ಪಿಕೊಂಡಮೇಲೆ ಉಳಿದ ಎರಡು ಎಲ್ಲಿ ಹೋಯಿತು, ಯಾರು ತೆಗೆದುಕೊಂಡರು, ಯಾಕೆ ತೆಗೆದುಕೊಂಡರು ಎಂಬ ಒಂದು ಅಕ್ಷರವನ್ನೂ ಅಲ್ಲಿ ಬರೆಯದೆ, ಊರವರ ಊಹೆಗೆ ಬಿಟ್ಟು, ಮುಖ ಆಚೆ ತಿರುಗಿಸಿಕೊಂಡ ತಮ್ಮ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಕಡೆ ಮದುವೆ ಮುರಿಯಬೇಕೆಂದಿರುವವರು ಕೂಡ ಇದೇ ಕ್ರಮ ಅನುಸರಿಸುತ್ತಾರೆ. 'ಹುಡುಗ ಒಳ್ಳೆಯವನೇ' ಎಂದು ಹೇಳಿ, ಒಂದು ಸಲ ಕೆಮ್ಮಿ, ಎದ್ದು ಹೋಗುತ್ತಾರೆ.

ಸುಧಾಕರಣ್ಣನವರು ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬಂದರು. ಅಂಗಡಿಯಲ್ಲಿ ಜನ ಇದ್ದರು. ಇಲ್ಲದಿದ್ದರೆ ಅವರು ಜನ ಬರುವವರೆಗೆ ಕಾಯುತ್ತಿದ್ದರೇನೋ. "ಹ್ವಾಯ್ ಪ್ರೇಮಾನಂದ, ಎರಡ್ ಜಿಬಿ ಎಲ್ಲ್ ಹೋಯ್ತ್ ಮಾರಾಯಾ?" ಎಂದು ಕೇಳಿದರು. ನಾನು ಹೇಳಿದೆ, ಎಲ್ಲೂ ಹೋಗಿಲ್ಲ ಸುಧಾಕರಣ್ಣ, ಒಳಗೇ ಇದೆ, ಆದರೆ ಕಾಣುವುದಿಲ್ಲ. ಈ ಉತ್ತರವನ್ನು ಈಗ ಬರೆದು ಓದುವಾಗ ನನಗೇ ಇದು ಕಳ್ಳನ ಮಾತಿನಂತೆ ಕೇಳಿಸುತ್ತಿದೆ. "ಐಸ್ ಆರೆ ಕರಗ್ತ್ ಅಂಬ. ಇದ್ ಎಂತ, ಬಿಸ್ಲಿಗೆ ಕರ್ಗುಕೆ?" ಎಂದು ಅವರು ಎಲ್ಲರ ಮುಖ ನೋಡಿದರು. ಎಲ್ಲರೂ ನನ್ನ ಮುಖ ನೋಡಿದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಮದಿ ಆಪುಕೆ ಮುಂಚೆ ಎರಡ್ ಜಿಬಿ ನುಂಗ್ದವ, ಮದಿ ಆದ್ ಮೇಲೆ ದೋಣಿ ನುಂಗ್ದಿರೆ ಸಾಕ್" ಎಂದರು. ಅಂದೇ ಸಂಜೆ, ನಿಶ್ಚಯದ ದಿನ ನೋಡುವುದು ಸದ್ಯಕ್ಕೆ ಬೇಡ ಎಂದು ಹೇಳಿಕಳಿಸಿದರು.

ನನ್ನ ಅಮ್ಮ ವನಜ ಮೀನು ಮಾರಿ ನನ್ನನ್ನು ಓದಿಸಿದವಳು. ಕೊಟ್ಟ ಮೀನಿನ ಮೇಲೆ ಒಂದು ಬಂಗುಡೆ ಹೆಚ್ಚಿಗೆ ಹಾಕದೆ ಯಾರನ್ನೂ ಕಳಿಸಿದವಳಲ್ಲ. ಅಂಥವಳ ಹತ್ತಿರ ಮಾರ್ಕೆಟ್ಟಿನಲ್ಲಿ ಯಾರೋ ನಗಾಡುತ್ತ, ನಿಮ್ಮ ಮಗ ತೆಗೆದ ಜಿಬಿ ಈ ಬುಟ್ಟಿಯಲ್ಲಿ ಇದೆಯಾ ವನಜಕ್ಕ ಎಂದು ಕೇಳಿದರಂತೆ. ಅಮ್ಮನಿಗೆ ಜಿಬಿ ಎಂದರೆ ಏನೆಂದು ಗೊತ್ತಿಲ್ಲ. ಕೇಳಿದವರ ನಗು ಏನೆಂದು ಗೊತ್ತಾಯಿತು. ಮನೆಗೆ ಬಂದು ಬುಟ್ಟಿ ಕವುಚಿ ಹಾಕಿ, "ಮಗಾ, ಬೇರೆಯವ್ರದ್ದ್ ಎಂತಾರೂ ತಪ್ಪಿ ನಿನ್ ಹತ್ರ ಬಂದಿದ್ರೆ ಕೊಟ್ಟ್ ಬಿಡ್" ಎಂದಳು. ಕದ್ದಿದ್ದೀಯಾ ಎಂದು ಕೇಳಲಿಲ್ಲ. ಆ ರಾತ್ರಿಯ ಊಟ ನನಗೆ ಸೇರಲಿಲ್ಲ ಎಂಬುದನ್ನು ತಮ್ಮ ಎರರ್ ರಿಪೋರ್ಟಿನಲ್ಲಿ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇನ್ನು ತಾವು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ, ಊರವರೂ ಓದಿಕೊಳ್ಳಲಿ. ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಎಂಬ ಮಹನೀಯರು ಪ್ರೊಸೆಸರಿನ ಮನೆಯಲ್ಲೇ ಒಕ್ಕಲಿದ್ದಾರೆ. ಅವರಿಗೆ ಸ್ವಂತ ಮೆಮೊರಿ ಇಲ್ಲ. ಹಾಗಾಗಿ ಯಂತ್ರಕ್ಕೆ ಜೀವ ಬಂದ ಕೂಡಲೇ, ತಾವಿನ್ನೂ ಕಣ್ಣುಜ್ಜಿಕೊಂಡು ಏಳುವ ಮೊದಲೇ, ಎಂಟರಲ್ಲಿ ಎರಡನ್ನು ಅವರ ಹೆಸರಿಗೆ ತೆಗೆದಿಟ್ಟಾಗಿರುತ್ತದೆ. ಇನ್ನೂ ಒಂದು ಚೂರು ಉಳಿದ ಬಿಡಿಭಾಗಗಳಿಗೆ ಹೋಗುತ್ತದೆ. ತಾವು ಎದ್ದು ಬಂದು ಉಳಿದದ್ದನ್ನು ಎಣಿಸುತ್ತೀರಿ, ಐದು ಪಾಯಿಂಟ್ ಒಂಬತ್ತು ಎರಡು ಎನ್ನುತ್ತೀರಿ. ಎಣಿಕೆ ಸರಿ, ರ್‍ಯಾಮ್ ಸರಿ, ಹಾಕಿದವನೂ ಸರಿ. ಯಾರೂ ಕದ್ದಿಲ್ಲ. ಇಷ್ಟನ್ನು ಎರಡು ಸಾಲಿನಲ್ಲಿ ಬ್ರಾಕೆಟ್ಟಿನ ಕೆಳಗೆ ಹಾಕಿದ್ದರೆ ತಮ್ಮ ಮಾನಿಟರೇನು ಸವೆದುಹೋಗುತ್ತಿತ್ತೇ?

ನಾನು ಇದನ್ನೆಲ್ಲ ಸುಧಾಕರಣ್ಣನವರಿಗೆ ಫೋನಿನಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿ, "ಮಾತಾಡುಕೆ ನಿಂಗೆ ಯಾರೂ ಹೇಳ್ಕೊಡುದ್ ಬ್ಯಾಡ. ನಾಡಿದ್ ಬೊಬ್ಬರ್ಯನ ಕಟ್ಟೆಗೆ ಬಾ. ಕಾಯಿ ಮುಟ್ಟಿ ಹೇಳ್, 'ನಾ ತೆಗಿಲಿಲ್ಲ' ಅಂದೇಳಿ. ಅಷ್ಟೇ ಸಾಕ್" ಎಂದರು. ಸಮುದ್ರಕ್ಕೆ ಇಳಿಯುವ ನಮ್ಮ ಜನ ಆ ದೈವದ ಎದುರು ಸುಳ್ಳು ಹೇಳುವುದಿಲ್ಲ. ಅಲ್ಲಿ ಕಾಯಿ ಮುಟ್ಟಿ ಆಣೆ ಇಟ್ಟರೆ ಕೋರ್ಟಿನ ಮೇಲಿನ ಕೋರ್ಟು ಮುಗಿದ ಹಾಗೆ. ನನಗೆ ಹೆದರಿಕೆ ಇರಲಿಲ್ಲ. ಆದರೆ ಕದಿಯದವನು ಕಟ್ಟೆ ಹತ್ತುವುದೇ ಒಂದು ಮಾನಭಂಗ ಎಂದು ತೋರಿತು. ಅದಕ್ಕೂ ಮೊದಲು ಮಾತು ಮುಗಿಸೋಣ ಎಂಬ ಆಸೆಗೆ ಬಿದ್ದು ನಾನು ಮಾಡಿದ ಕೆಲಸ ಏನೆಂದರೆ, ವಿನಯಾಳಿಗೆ ಫೋನ್ ಮಾಡಿ, ಲ್ಯಾಪ್‌ಟಾಪು ಏಳುವಾಗ ಯಾವ ಬಟನ್ ಒತ್ತಬೇಕು, ಒಳಗೆ ಹೋಗಿ ಗ್ರಾಫಿಕ್ಸಿನ ಪಾಲನ್ನು ಎರಡು ಜಿಬಿಯಿಂದ ಅರ್ಧ ಜಿಬಿಗೆ ಹೇಗೆ ಇಳಿಸಬೇಕು ಎಂದು ಹೇಳಿಕೊಟ್ಟೆ. ಅವಳು ಜಾಣೆ, ಒಂದೇ ಸಲಕ್ಕೆ ಮಾಡಿದಳು. ತಾವು ಕೂಡಲೇ ಬ್ರಾಕೆಟ್ ತಿದ್ದಿ ಏಳು ಪಾಯಿಂಟ್ ನಾಲ್ಕು ಎಂದು ಬರೆದಿರಿ.

ಮಹಾಶಯರೇ, ಜಗತ್ತಿನ ಯಾವ ಮೂಲೆಯಲ್ಲಾದರೂ ಇದನ್ನು ರಿಪೇರಿ ಎನ್ನುತ್ತಾರೆ. ನಮ್ಮಲ್ಲಿ ಇದನ್ನು ಪವಾಡ ಎಂದರು. ಸುಧಾಕರಣ್ಣನವರು ಬೆಳಿಗ್ಗೆ ಮಗಳ ಲ್ಯಾಪ್‌ಟಾಪು ನೋಡಿ, ಅಂಗಳಕ್ಕೆ ಬಂದು, ಅಕ್ಕಪಕ್ಕದವರನ್ನೆಲ್ಲ ಕರೆದು, "ಕಂಡ್ರ್ಯಾ! ಬೊಬ್ಬರ್ಯನ ಹೆಸ್ರ್ ತೆಗ್ದದ್ದೇ ತಡ, ಒಂದೂವರೆ ಜಿಬಿ ವಾಪಸ್ ಬಂತ್!" ಎಂದು ಸಾರಿದರು. ಅಪ್ಪಯ್ಯ, ಅದನ್ನು ನಾನೇ ಮಾಡಿದ್ದು ಎಂದು ವಿನಯಾ ಹೇಳಿದರೆ, "ದೈವ ಯಾರ್ ಕೈಯಗೆ ಮಾಡ್ಸಿರೂ ದೈವ ಮಾಡ್ಸಿದ್ದೇ, ಹೆಣ್ಣೇ" ಎಂದು ಅವಳ ಬಾಯಿ ಮುಚ್ಚಿಸಿದರು. ಅಲ್ಲಿಗೆ ನನ್ನ ಕಳ್ಳತನ ಸಾಬೀತಾಯಿತು. ಉಳಿದ ಅರ್ಧ ಜಿಬಿ ನನ್ನ ಹತ್ತಿರವೇ ಇದೆ ಎಂಬುದೂ ಸಾಬೀತಾಯಿತು. ಕೊಟ್ಟರೂ ಕಳ್ಳ, ಕೊಡದಿದ್ದರೂ ಕಳ್ಳ. ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಹಿರಿಯರು ನನಗಾಗಿಯೇ ಕಟ್ಟಿಟ್ಟು ಹೋಗಿದ್ದಾರೆ.

ಸುದ್ದಿ ಕುಂದಾಪುರ ದಾಟಿ ಬ್ರಹ್ಮಾವರಕ್ಕೆ ಹೋಗಲು ಎಕ್ಸ್‌ಪ್ರೆಸ್ ಬಸ್ಸಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. ಹಾಲಾಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ರವಿಚಂದ್ರರು ಹಿಂದೆಂದೋ ನನ್ನಿಂದ ಕೊಂಡಿದ್ದ ಹಳೇ ಕಂಪ್ಯೂಟರಿನ ಡಬ್ಬವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಅದರಲ್ಲಿ ಇರುವುದು ನಾಲ್ಕು, ತಾವು ತೋರಿಸಿದ್ದು ಮೂರು ಕಾಲು. ಅದು ತಮ್ಮ ಹಳೆಯ ಮೂವತ್ತೆರಡು ಬಿಟ್ಟಿನ ಅವತಾರ. ತಮ್ಮ ಹತ್ತಿರ ಇದ್ದದ್ದೇ ನಾಲ್ಕು ಜಿಬಿಗಾಗುವಷ್ಟು ಮನೆನಂಬರು, ಅದರಲ್ಲಿ ಒಂದಷ್ಟು ನಂಬರನ್ನು ಉಳಿದ ಬಿಡಿಭಾಗಗಳು ಮೊದಲೇ ಬರೆಸಿಕೊಂಡಿದ್ದವು, ನಂಬರು ಸಿಗದ ಮೆಮೊರಿ ಮನೆ ಇದ್ದೂ ವಿಳಾಸವಿಲ್ಲದ ಹಾಗೆ ಕೂತಿತ್ತು. ಇದನ್ನೆಲ್ಲ ನಾನು ಬೆವರು ಒರೆಸಿಕೊಂಡು ವಿವರಿಸಿದೆ. ರವಿಚಂದ್ರರು ಸಮಾಧಾನದಿಂದ ಕೇಳಿ, "ಸುಧಾಕರಣ್ಣಂದ್ ವಾಪಸ್ ಕೊಟ್ರಿ ಅಲ್ದಾ? ನಂದೂ ಕೊಡಿ. ಇಲ್ದಿರೆ ನಾನೂ ಕಟ್ಟೆಗೆ ಬತ್ತೆ" ಎಂದರು. ಬಿಜೂರಿನಿಂದ ಒಬ್ಬ ಅಮ್ಮ ಹದಿನಾರು ಜಿಬಿಯ ಪೆನ್‌ಡ್ರೈವ್ ತಂದು, ಹದಿನೈದೂ ಸರಿಯಾಗಿ ಕಾಣುತ್ತಿಲ್ಲ, ನನ್ನ ಮಗಳ ಮದುವೆಯ ವಿಡಿಯೋದಿಂದ ಊಟದ ಭಾಗವನ್ನು ನೀವೇ ತೆಗೆದದ್ದಿರಬೇಕು ಎಂದರು. ಅಲ್ಲಿ ಮಾರುವವನು ಸಾವಿರದಿಂದ ಎಣಿಸುತ್ತಾನೆ, ತಾವು ಸಾವಿರದ ಇಪ್ಪತ್ತನಾಲ್ಕರಿಂದ ಎಣಿಸುತ್ತೀರಿ, ಇಬ್ಬರೂ ಅದಕ್ಕೆ ಜಿಬಿ ಎಂದೇ ಹೆಸರಿಡುತ್ತೀರಿ, ಮಧ್ಯದಲ್ಲಿ ಪೆಟ್ಟು ತಿನ್ನುವವನು ಪ್ರೇಮಾನಂದ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರೂ ಇಲ್ಲ ಎಂಬುದು ನಿಜವೇ, ಆದರೂ ಎರಡು ಮಸಾಲೆಯಲ್ಲಿ ಒಂದೇ ಕೋಳಿಯನ್ನು ಬೇಯಿಸುವುದು ಯಾವ ನ್ಯಾಯ?

ಕಟ್ಟೆಯ ದಿನ ಬಂತು. ದೋಣಿ ದಡಕ್ಕೆ ಬಂದು, ಮೀನು ಲಾರಿ ಹತ್ತಿದ ಮೇಲೆ, ದೋಣಿಯ ಜನರೆಲ್ಲ ಅಲ್ಲಿಗೇ ಬಂದರು. ಸಾಕ್ಷಿಗೆ ಇರಲಿ ಎಂದು ಸುಧಾಕರಣ್ಣನವರೇ ಕರೆದಿದ್ದರು. ಅಮ್ಮ ಮನೆಯಿಂದಲೇ ಒಂದು ಒಳ್ಳೆಯ ಕಾಯಿ ತಂದಿದ್ದಳು. ಅದನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದಳು, ಅದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ನಾನು ಹೇಳಿದೆ, ಕಾಯಿ ಮುಟ್ಟುತ್ತೇನೆ, ಆದರೆ ಏನೆಂದು ಮುಟ್ಟುತ್ತಿದ್ದೇನೆ ಎಂದು ಎಲ್ಲರಿಗೂ ಮೊದಲು ಗೊತ್ತಾಗಲಿ. ಜಿಬಿ, ಗ್ರಾಫಿಕ್ಸು, ಪ್ರೊಸೆಸರು ಎಂದರೆ ಅಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ದಡಕ್ಕೆ ಎಂಟು ಬುಟ್ಟಿ ಬಂಗುಡೆ ಬಂತು ಎಂದುಕೊಳ್ಳಿ. ಎಂಟನ್ನೂ ಆಳುಗಳ ಎದುರು ಸುರಿದು ಪಾಲು ಮಾಡುತ್ತಾರೆಯೇ? ಮೊದಲು ದೋಣಿಯ ಪಾಲು ತೆಗೆಯುತ್ತಾರೆ, ಇಂಜಿನ್ನಿನ ಪಾಲು, ಬಲೆಯ ಪಾಲು ತೆಗೆಯುತ್ತಾರೆ. ಆಮೇಲೆ ಉಳಿದದ್ದು ಆಳುಗಳಿಗೆ. ಎಂಟು ಬಂದದ್ದೂ ಸುಳ್ಳಲ್ಲ, ಪಾಲಿಗೆ ಉಳಿದದ್ದು ಆರಕ್ಕೆ ಚೂರು ಕಡಿಮೆ ಎಂಬುದೂ ಸುಳ್ಳಲ್ಲ. ಮಧ್ಯದಲ್ಲಿ ಯಾರೂ ಕದ್ದಿಲ್ಲ. ಈ ಯಂತ್ರದ ಒಳಗೂ ನಡೆಯುವುದು ಅದೇ.

ಹೇಳಿ ಮುಗಿಸಿದಾಗ ದೋಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ನನ್ನ ಮಾತು ಅರ್ಥವಾಯಿತು ಎಂದು ನಾನು ಹಿಗ್ಗಿದೆ. ಅರ್ಥವೇನೋ ಆಗಿತ್ತು, ಮಹಾಶಯರೇ, ನಾನು ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ದೋಣಿಯಲ್ಲಿ ಬಲೆ ಎಳೆಯುವ ಕುಷ್ಟ ಎಂಬಾತ ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮುಂದೆ ಬಂದ. "ಹ್ವಾಯ್ ಸುಧಾಕರಣ್ಣ, ದೋಣಿ ಪಾಲ್ ಸಮ. ಇಂಜಿನ್ ಪಾಲ್ ಸಮ. ಹೊಸ ಬಲೆ ಪಾಲೂ ಸಮ. ಆ ಹಳೇ ಬಲೆದ್ದ್ ಅಂದೇಳಿ ಇನ್ನೊಂದ್ ಪಾಲ್ ತೆಗಿತ್ರಿ ಅಲ್ದಾ, ಅದೆಂತದ್? ಆ ಬಲೆ ಹರ್ದ್ ಚಿಂದಿ ಆಯಿ ನಿಮ್ಮನೆ ತೊಂಡೆ ಚಪ್ಪರಕ್ ಕಟ್ಟಿದ್ದಲ್ದಾ?" ಎಂದು ಕೇಳಿದ.

"ಅದೆಲ್ಲ ಈಗ ಎಂತಕ್ಕೆ? ನಾವ್ ಬಂದದ್ ಜಿಬಿ ವಿಚಾರಕ್ಕೆ" ಎಂದರು ಸುಧಾಕರಣ್ಣ.

"ಇದೂ ಅದೇ ವಿಚಾರ ಅಲ್ದಾ! ಹ್ಯಾಂಗೂ ಕಾಯಿ ಇತ್ತ್, ದೈವ ಇತ್ತ್. ಪ್ರೇಮಾನಂದ ಮುಟ್ಲಿ, ಅವ್ನ್ ಬೆನ್ನಿಗೇ ನೀವೂ ಒಂದ್ ಸಲ ಮುಟ್ಟಿ" ಎಂದ ಕುಷ್ಟ. ಹಿಂದೆ ನಿಂತವರೆಲ್ಲ ಹೌದು ಹೌದು ಎಂದರು, ಅಷ್ಟೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಸುಧಾಕರಣ್ಣನವರು ಕಾಯಿಯನ್ನು ನೋಡಿದರು, ದೈವದ ಗುಡಿಯನ್ನು ನೋಡಿದರು, ಕೊನೆಗೆ ಪಡುವಣ ಕಡೆಗೆ ತಿರುಗಿ ಆಕಾಶವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಒಂದು ಮೋಡವೂ ಇರಲಿಲ್ಲ. "ಗಾಳಿ ಎದ್ದಂಗೆ ಕಾಣ್ತ್. ಇವತ್ ಆಣೆ ಗೀಣೆ ಬ್ಯಾಡ. ಮತ್ತ್ ಕಾಂಬ" ಎಂದು ಹೇಳಿ, ದೈವಕ್ಕೆ ಕೈಮುಗಿದು, ದೋಣಿಯ ಹಗ್ಗ ಸರಿಯಾಗಿ ಕಟ್ಟಿದ್ದಾರೆಯೇ ನೋಡಬೇಕು ಎಂದು ಹೊರಟೇಹೋದರು. ಕಾಯಿ ಒಡೆಯದೆ ಉಳಿಯಿತು. ಅಮ್ಮ ಅದನ್ನು ಮನೆಗೆ ತಂದು, ತುರಿದು, ಬಂಗುಡೆ ಗಸಿ ಮಾಡಿದಳು. ಅಂದು ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ಆದರೆ ಉಂಡ ಮೇಲೆ ಯೋಚಿಸಿದರೆ ನನ್ನ ಹೆಸರು ಮುಳುಗಲೂ ಇಲ್ಲ, ತೇಲಲೂ ಇಲ್ಲ. ಆಣೆ ಇಟ್ಟಿದ್ದರೆ ಕಳ್ಳನಲ್ಲ ಎಂದಾಗುತ್ತಿತ್ತು. ಈಗ ಆಣೆ ಇಡದವರ ಪಟ್ಟಿಯಲ್ಲಿ ಮಾವನೂ ಅಳಿಯನೂ ಒಟ್ಟಿಗೇ ಸೇರಿದಂತಾಯಿತು, ಅದೂ ಮಾವ ಅಳಿಯ ಆಗುವ ಮೊದಲೇ. ಉಪ್ಪುಂದದಿಂದ ಒಂದು ಮಾತೂ ಬರಲಿಲ್ಲ. ಈ ಸಂದರ್ಭದಲ್ಲಿ ನಾನು ತಮಗೆ ಈ ಪತ್ರವನ್ನು ಬರೆಯಲು ಕೂತವನು, ಕೆಳಗಿನ ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ವಿನಯದಿಂದ ತಮ್ಮ ಮುಂದಿಡುತ್ತಿದ್ದೇನೆ. ತಾವು ಖುದ್ದಾಗಿ, ತಮ್ಮ ಕರ್ಸರು ಮೌಸುಗಳ ಪರಿವಾರ ಸಮೇತ, ಬೈಂದೂರಿಗೆ ರೈಲಿನಲ್ಲಾದರೂ ಬಸ್ಸಿನಲ್ಲಾದರೂ ಬಂದಿಳಿದು, ಬೊಬ್ಬರ್ಯನ ಕಟ್ಟೆಯಲ್ಲಿ ಬಲಗೈಯಿಂದ ಕಾಯಿ ಮುಟ್ಟಿ, ತೆಗೆದವನು ಪ್ರೇಮಾನಂದ ಅಲ್ಲ ಎಂದು ಹೇಳಬೇಕು; ಬಲಗೈ ಇಲ್ಲದಿದ್ದರೆ ಬಲಗಡೆಯ ಕ್ಲಿಕ್ಕಾದರೂ ನಡೆಯುತ್ತದೆ. ಅಲ್ಲಿಂದ ಮೀನು ಮಾರ್ಕೆಟ್ಟಿಗೆ ನಡೆದು ಬಂದು, ನನ್ನ ಅಮ್ಮನ ಬುಟ್ಟಿಯ ಎದುರು ನಿಂತು, ಅವಳನ್ನು ನೋಡಿ ನಕ್ಕವರೆಲ್ಲರಿಗೂ ಕೇಳುವ ಹಾಗೆ ಅದನ್ನೇ ಇನ್ನೊಮ್ಮೆ ಹೇಳಬೇಕು. ಬರಿಗೈಯಲ್ಲಿ ಹೋಗಬಾರದು, ಮೀನು ಕೊಳ್ಳಬೇಕು, ಚೌಕಾಸಿ ಮಾಡಬಾರದು. ಇನ್ನುಮುಂದೆ ಬ್ರಾಕೆಟ್ ಹಾಕುವುದಾದರೆ ಯಾರಿಗೆ ಎಷ್ಟು ಕೊಟ್ಟಿರಿ ಎಂದು ಅದರ ಪಕ್ಕದಲ್ಲೇ ಬರೆಯಬೇಕು, ಇಲ್ಲವಾದರೆ ಬಾಯಿ ಮುಚ್ಚಿಕೊಂಡು ಎಂಟು ಎನ್ನಬೇಕು. ಹಾಲಾಡಿಯ ರವಿಚಂದ್ರರಿಗೆ ಮುಕ್ಕಾಲು ಜಿಬಿ ಮತ್ತು ಬಸ್ಸಿನ ಟಿಕೆಟು ತಾವೇ ಕೊಡಬೇಕು. ಬಿಜೂರಿನ ಅಮ್ಮನಿಗೆ ಊಟದ ವಿಡಿಯೋ ಅಲ್ಲೇ ಇದೆ, ಬಲಕ್ಕೆ ಸರಿಸಿ ನೋಡಿ ಎಂದು ತಾವೇ ಫೋನ್ ಮಾಡಬೇಕು.

ಇಷ್ಟು ಬರೆದು, ಪೆನ್ನಿನ ಟೋಪಿ ಹಾಕಿ, ಚಾ ತರಿಸೋಣ ಎಂದು ತಲೆಯೆತ್ತುವಾಗ ಅಂಗಡಿಯ ಬಾಗಿಲಲ್ಲಿ ವಿನಯಾ ನಿಂತಿದ್ದಳು. ಕಂಕುಳಲ್ಲಿ ಅದೇ ಲ್ಯಾಪ್‌ಟಾಪು. ಮೇಜಿನ ಮೇಲೆ ಅದನ್ನು ಇಟ್ಟು, ಕೂತುಕೊಳ್ಳದೆ, "ಅದ್ರ್ ಪಾಲ್ ಅದ್ಕೇ ಕೊಡಿ. ನೀವ್ ತೆಗ್ಸಿದ್ ಮೇಲೆ ಚಿತ್ರ ಎಲ್ಲ ತಡೆದ್ ತಡೆದ್ ಬತ್ತ್" ಎಂದಳು. ನಾನು ಗಾಬರಿಯಾಗಿ, ಹಾಗೆ ಮಾಡಿದರೆ ಮತ್ತೆ ಐದು ಪಾಯಿಂಟ್ ಒಂಬತ್ತು ಎರಡು ಎಂದು ತೋರಿಸುತ್ತದೆ, ನಿಮ್ಮ ಅಪ್ಪ ನೋಡಿದರೆ ಏನು ಗತಿ ಎಂದೆ. "ತೋರ್ಸ್ಲಿ. ಕೇಳ್ರೆ ನಾ ಹೇಳ್ತೆ" ಎಂದಳು. ಹೇಳಿದ ರೀತಿ ಹೇಗಿತ್ತೆಂದರೆ ನಾನು ಕೂಡಲೇ ಬಟನ್ ಒತ್ತಿ, ಒಳಗೆ ಹೋಗಿ, ಗ್ರಾಫಿಕ್ಸಿಗೆ ಎರಡು ಜಿಬಿ ವಾಪಸು ಕೊಟ್ಟೆ. ತಾವು ಎದ್ದು ಬಂದು ನಾಚಿಕೆಯಿಲ್ಲದೆ ಮತ್ತದೇ ಬ್ರಾಕೆಟ್ ಹಾಕಿದಿರಿ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟು, "ಕಟ್ಟೆ ಹತ್ರ ನೀವ್ ಹೇಳ್ದದ್ದ್ ಕುಷ್ಟಣ್ಣ ಬಂದ್ ನಮ್ಮನೆಯಗೆ ಹೇಳ್ದ. ಅಪ್ಪಯ್ಯ ಎರಡ್ ದಿನ ಉಣ್ಣುಕೆ ಬರ್ಲಿಲ್ಲ. ಇವತ್ ಬೆಳಿಗ್ಗೆ ತೊಂಡೆ ಚಪ್ಪರದ್ ಬಲೆ ಬಿಚ್ಚಿ, ನಿಶ್ಚಯಕ್ಕೆ ದಿನ ಕಾಣುಕೆ ಹೇಳಿ ಅಂದ್ರ್" ಎಂದಳು. ನನಗೆ ನಗಬೇಕೋ ಎದ್ದು ನಿಲ್ಲಬೇಕೋ ತಿಳಿಯಲಿಲ್ಲ, ಎರಡನ್ನೂ ಅರ್ಧರ್ಧ ಮಾಡಿದೆ. ಅವಳು ಮಾತ್ರ ನಗಲಿಲ್ಲ. "ಅದ್ಕ್ ಮುಂಚೆ ನಂಗೊಂದ್ ಹೇಳಿ. ನಿಮ್ ಬ್ರಾಕೆಟಿನಗೆ ಎಂತ ಇತ್ತ್?" ಎಂದು ಕೇಳಿದಳು.

ಮಹಾಶಯರೇ, ಇಷ್ಟು ವರ್ಷ ತಮ್ಮ ಜೊತೆ ಇದ್ದೂ ಇಂಥ ಪ್ರಶ್ನೆಯನ್ನು ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ನಾನು ಒಂದೊಂದಾಗಿ ಹೇಳಿದೆ. ನನ್ನ ಅಮ್ಮ ನನ್ನ ಜೊತೆಗೇ ಇರುತ್ತಾಳೆ, ಅವಳ ಪಾಲು ಮೊದಲು ಹೋಗುತ್ತದೆ, ಅದನ್ನು ಯಾವ ಬಟನ್ ಒತ್ತಿದರೂ ಕಡಿಮೆ ಮಾಡಲಾರೆ. ಮನೆಯಲ್ಲಿ ಮೀನಿನ ವಾಸನೆ ಹೋಗುವುದಿಲ್ಲ. ಉಣ್ಣುವಾಗಲೂ ಗಿರಾಕಿಯ ಫೋನ್ ಬಂದರೆ ಎದ್ದುಹೋಗುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲಿದೆ, ಆಪರೇಟಿಂಗ್ ಸಿಸ್ಟಮ್ಮಿಗೂ ಕಾಗದ ಬರೆಯುವಷ್ಟು ಇದೆ. ಇದೆಲ್ಲ ಕಳೆದರೆ ನಿಮ್ಮ ಪಾಲಿಗೆ ಎಂಟು ಸಿಗುವುದಿಲ್ಲ, ಈ ಯಂತ್ರದಲ್ಲಿ ಕಾಣುವಷ್ಟೇ ಸಿಗಬಹುದು ಎಂದೆ.

ಅವಳು ಲ್ಯಾಪ್‌ಟಾಪು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. "ಅಡ್ಡಿಲ್ಲ. ಹೇಳಿ ತೆಗುವವ್ರಾರೆ ಸಾಕ್. ಇಷ್ಟ್ ವರ್ಷ ನಮ್ಮನೆಯಗೆ ಹೇಳ್ದೇ ತೆಗಿತಿದ್ರ್" ಎಂದು ಹೇಳಿ, ಮೆಟ್ಟಿಲಿಳಿದು, ಉಪ್ಪುಂದದ ಬಸ್ಸು ಹತ್ತಿದಳು. ಅಮ್ಮನಿಗೆ ಸಂಜೆ ಇದನ್ನು ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ನಾಳೆಯಿಂದ ಉಪ್ಪುಂದದವರು ಮೀನಿಗೆ ಬಂದರೆ ಎರಡು ಬಂಗುಡೆ ಹೆಚ್ಚಿಗೆ ಹಾಕುತ್ತೇನೆ ಎಂದಳು.

ಆದ್ದರಿಂದ ತಮ್ಮ ಬಗ್ಗೆ ಮೇಲೆ ಬರೆದ ಬೈಗುಳಗಳಲ್ಲಿ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ, ಬೇಡಿಕೆಗಳೂ ಹಾಗೆಯೇ ನಿಂತಿವೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳದಿದ್ದರೆ ದೈವ ಮೆಚ್ಚುವುದಿಲ್ಲ. ಈ ಕರಾವಳಿಯಲ್ಲಿ ಗುತ್ತಿಗೆದಾರರು, ಮುಖಂಡರು, ದೋಣಿಯ ಯಜಮಾನರು, ಮದುವೆ ಗಂಡುಗಳು ಎಲ್ಲರೂ ಎಂಟು ಎಂದೇ ಹೇಳುತ್ತಾರೆ. ತೆಗೆದದ್ದು ತೆಗೆದಿದೆ ಎಂದು ಬ್ರಾಕೆಟ್ಟಿನೊಳಗಾದರೂ ಬರೆದುಕೊಂಡವರು ತಾವೊಬ್ಬರೇ. ಅಷ್ಟು ಮಟ್ಟಿಗೆ ತಾವು ನಮ್ಮ ಊರಿನ ಬಹಳ ಜನರಿಗಿಂತ ಮರ್ಯಾದಸ್ಥರು.

ಹಾಳಾಗಿ ಹೋಗಿ ಎನ್ನಲು ಬಾಯಿ ಬಾರದೆ,
ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ
ಪ್ರೇಮಾನಂದ
ಬೈಂದೂರು

ತಾ.ಕ.: ಈಗ ದಡದಲ್ಲಿ ಮೀನು ಪಾಲು ಮಾಡುವ ಮೊದಲು ಕುಷ್ಟ, "ಸುಧಾಕರಣ್ಣ, ಬ್ರಾಕೆಟ್ ಹೇಳಿ!" ಎಂದು ಕೂಗುತ್ತಾನೆ, ಅವರು ಹಲ್ಲು ಕಚ್ಚಿಕೊಂಡು ಹೇಳುತ್ತಾರೆ. ಹೇಳಿದ ಮೇಲೆ ನನ್ನನ್ನು ಕಂಡಲ್ಲೆಲ್ಲ, "ಆ ಎರಡ್ ಜಿಬಿ ಮತ್ತೆ ಎಲ್ಲ್ ಹೋಯ್ತ್ ಮಾರಾಯಾ?" ಎಂದು ಕೇಳುವುದನ್ನೂ ಬಿಟ್ಟಿಲ್ಲ. ಇರಲಿ. ಮದುವೆಗೆ ತಾವು ತಪ್ಪದೆ ಸಕುಟುಂಬರಾಗಿ ಬರಬೇಕು. ತಮ್ಮ ಕಡೆಯವರಿಗೆಂದೇ ಎಂಟು ಎಲೆ ಹಾಕಿಸುತ್ತೇವೆ (ಉಣ್ಣಬಹುದಾದದ್ದು 5.92). ಉಳಿದ ಎರಡು ಎಲೆ ಎಲ್ಲಿ ಹೋಯಿತು ಎಂದು ಕೇಳುವ ಧೈರ್ಯ ತಮಗಿದ್ದರೆ ಕೇಳಿ. ಕಾಯಿ ಮುಟ್ಟಲು ನಾನು ತಯಾರು.